ದೂರು ಒಂದು ಕೋಣೆಯಿಂದ, ದೋಷ ಇನ್ನೊಂದು ಕೋಣೆಯಲ್ಲಿ

ಸಿನಿಮಾದ ಡಿಐ (ಬಣ್ಣ ತಿದ್ದಿ ಅಂತಿಮಗೊಳಿಸುವ) ಕೆಲಸದಲ್ಲಿ ಬಳಸುವ 4ಕೆ ಡಿಪಿಎಕ್ಸ್ ಚಿತ್ರದ ಒಂದೇ ಒಂದು ಫ್ರೇಮ್ ಸುಮಾರು 35 ಮೆಗಾಬೈಟ್ ತೂಗುತ್ತದೆ. ಅಗಲಕ್ಕೆ 4096 ಪಿಕ್ಸೆಲ್, ಎತ್ತರಕ್ಕೆ 2160, ಪಿಕ್ಸೆಲ್‌ಗೆ ನಾಲ್ಕು ಬೈಟ್; ಗುಣಿಸಿ ನೋಡಿ. ಸೆಕೆಂಡಿಗೆ 24 ಫ್ರೇಮ್ ಎಂದರೆ 850 ಮೆಗಾಬೈಟ್ ಹತ್ತಿರ ಹತ್ತಿರ. ಕಲರಿಸ್ಟ್ ಪ್ಲೇ ಒತ್ತಿದ ಕ್ಷಣದಿಂದ ನಿಲ್ಲಿಸುವ ತನಕ ಅಷ್ಟೂ ದತ್ತಾಂಶ ಒಂದೇ ಸಮನೆ ಬರುತ್ತಿರಬೇಕು. ಒಂದು ನಿಮಿಷದ ಸರಾಸರಿ ಸರಿಯಾಗಿದ್ದರೆ ಸಾಲದು. ಪ್ರತಿ ಫ್ರೇಮ್‌ಗೂ ಸಿಗುವುದು ಸುಮಾರು 42 ಮಿಲಿಸೆಕೆಂಡು. ಮುಂಗಡವಾಗಿ ಓದಿಟ್ಟುಕೊಂಡ ಫ್ರೇಮ್‌ಗಳು ಮುಗಿದ ಮೇಲೂ ಮುಂದಿನದು ಬಾರದಿದ್ದರೆ ಚಿತ್ರ ತಡವರಿಸುತ್ತದೆ, ಪರದೆಯ ಮೇಲೆ ‘ಡ್ರಾಪ್ಡ್ ಫ್ರೇಮ್ಸ್’ ಎಂಬ ಎಚ್ಚರಿಕೆ ಮೂಡುತ್ತದೆ, ಪಕ್ಕದಲ್ಲಿ ಕುಳಿತ ನಿರ್ದೇಶಕರು ಗಡಿಯಾರ ನೋಡಿಕೊಳ್ಳುತ್ತಾರೆ.

ಆ ಎಚ್ಚರಿಕೆ ಕಂಡ ಕೂಡಲೇ ಬಹುತೇಕ ಕಡೆ ನಡೆಯುವುದು ಇಷ್ಟು: ಎಡಿಟರ್ ಸಾಫ್ಟ್‌ವೇರ್ ಮುಚ್ಚಿ ತೆರೆಯುತ್ತಾರೆ, ಆಮೇಲೆ ಯಂತ್ರವನ್ನೇ ರೀಸ್ಟಾರ್ಟ್ ಮಾಡುತ್ತಾರೆ, ಅದೂ ಫಲ ಕೊಡದಿದ್ದರೆ ಯಾರೋ ಸರ್ವರ್ ರೂಮಿಗೆ ಹೋಗಿ ಕೇಬಲ್ ಕಿತ್ತು ಹಾಕುತ್ತಾರೆ. ಈ ಮೂರನ್ನೂ ಮಾಡುವ ಮೊದಲು ಹತ್ತು ನಿಮಿಷ ಕೈಕಟ್ಟಿ ನಿಲ್ಲಿ ಎಂದು ಕೇಳಿಕೊಳ್ಳಲು ಈ ಬರಹ. ಹಲವರು ಹಂಚಿಕೊಂಡ ಸ್ಟೋರೇಜ್‌ನಲ್ಲಿ ದೂರು ಬಂದ ಕೋಣೆಯಲ್ಲೇ ದೋಷ ಇರುವುದು ಅಪರೂಪ. ಅಲ್ಲಿ ಆಗುವ ದೊಡ್ಡ ಅನಾಹುತಗಳಿಗೂ ಮೂಲ ದೋಷಕ್ಕಿಂತ ಗಾಬರಿಯ ರಿಪೇರಿಯೇ ಹೆಚ್ಚು ಕಾರಣ.

ಇಂಥ ಹಂಚಿಕೆಯ ಸ್ಟೋರೇಜನ್ನು ಎಡಿಟಿಂಗ್ ಯಂತ್ರಗಳಿಗೆ ಜೋಡಿಸುವ ಫೈಬರ್ ಚಾನೆಲ್ ಹಳೆಯ ತಂತ್ರಜ್ಞಾನ. ಅಮೆರಿಕದ ಮಾನಕ ಸಂಸ್ಥೆ ಆನ್ಸಿ ಅದಕ್ಕೆ ಮನ್ನಣೆ ಕೊಟ್ಟದ್ದು 1994ರಲ್ಲಿ. ಎಡಿಟಿಂಗ್ ಲೋಕದಲ್ಲಿ ಏವಿಡ್‌ನ ಯೂನಿಟಿ ಇದನ್ನೇ ನೆಚ್ಚಿಕೊಂಡಿತ್ತು. ಆದರೆ ಸಣ್ಣ ತಂಡಗಳೂ ಇದರತ್ತ ಕೈಚಾಚುವಂತೆ ಮಾಡಿದ್ದು ಆ್ಯಪಲ್‌ನ ಎಕ್ಸ್‌ಸ್ಯಾನ್. 2004ರ ಏಪ್ರಿಲ್‌ನಲ್ಲಿ ಘೋಷಣೆಯಾಗಿ, ಮರುವರ್ಷದ ಆರಂಭದಲ್ಲಿ ಮಾರುಕಟ್ಟೆಗೆ ಬಂತು. ಒಳಗಿನ ಹೂರಣ ಎಡಿಐಸಿ ಕಂಪನಿಯ ಸ್ಟೋರ್‌ನೆಕ್ಸ್ಟ್. ಆ ಕಂಪನಿಯನ್ನು 2006ರಲ್ಲಿ ಕ್ವಾಂಟಮ್ ಕೊಂಡಿತು. ಎಕ್ಸ್‌ಸರ್ವ್ ರೇಡ್ ಎಂಬ ಡಿಸ್ಕ್ ಪೆಟ್ಟಿಗೆಯನ್ನು ಆ್ಯಪಲ್ 2008ರಲ್ಲೇ ನಿಲ್ಲಿಸಿತು, ಎಕ್ಸ್‌ಸರ್ವ್ ಸರ್ವರ್ ಮಾರಾಟ 2011ರ ಜನವರಿಗೆ ಮುಗಿಯಿತು. ಸಾಫ್ಟ್‌ವೇರ್ ಮಾತ್ರ ಅದೇ ವರ್ಷ ಮ್ಯಾಕ್‌ನ ಕಾರ್ಯವ್ಯವಸ್ಥೆಯೊಳಗೆ ಸೇರಿ ಉಳಿದುಕೊಂಡಿತು. ಈ ಕಥೆ ಹೇಳಲು ಕಾರಣವಿದೆ. ಆ ಕಾಲದಲ್ಲಿ ಕಟ್ಟಿದ ಜಾಲಗಳಿಗೆ ಹೊಸ ಡಿಸ್ಕ್, ಹೊಸ ಕಾರ್ಡ್, ಹೊಸ ಯಂತ್ರಗಳನ್ನು ಪೋಣಿಸುತ್ತಾ ಬಂದವರು ಬಹಳ. ಒಂದೇ ಸ್ವಿಚ್‌ನಲ್ಲಿ ಮೂರು ತಲೆಮಾರಿನ ಉಪಕರಣ ಕೂತಿದ್ದರೆ, ತೊಂದರೆಯ ಅರ್ಧ ಕಾರಣ ಅಲ್ಲೇ ಇದೆ.

ಒಳರಚನೆ ಗೊತ್ತಿಲ್ಲದೆ ಹುಡುಕಾಟ ಶುರುಮಾಡಿದರೆ ಕತ್ತಲಲ್ಲಿ ತಡಕಿದಂತೆ. ಸಾಮಾನ್ಯ ಆಫೀಸ್ ಸರ್ವರ್‌ನಲ್ಲಿ ಕಡತ ಬೇಕೆಂದರೆ ಸರ್ವರ್ ತಾನೇ ಡಿಸ್ಕ್ ಓದಿ ನಮಗೆ ಕಳಿಸುತ್ತದೆ. ಸ್ಯಾನ್‌ನಲ್ಲಿ, ಅಂದರೆ ಫೈಬರ್‌ನಿಂದ ಹೆಣೆದ ಇಂಥ ಸ್ಟೋರೇಜ್ ಜಾಲದಲ್ಲಿ, ಹಾಗಲ್ಲ. ಪ್ರತಿ ಎಡಿಟಿಂಗ್ ಯಂತ್ರಕ್ಕೂ ದೂರದ ಡಿಸ್ಕ್‌ಗಳು ತನ್ನದೇ ಒಳಡಿಸ್ಕ್‌ಗಳಂತೆ ನೇರವಾಗಿ ಕಾಣುತ್ತವೆ. ಹತ್ತು ಯಂತ್ರಗಳು ಒಂದೇ ಡಿಸ್ಕನ್ನು ತಮ್ಮದೆಂದುಕೊಂಡು ಬರೆಯತೊಡಗಿದರೆ ಎಲ್ಲವೂ ಕಲಸಿಹೋಗುತ್ತದೆ. ಅದನ್ನು ತಡೆಯಲೆಂದು ಮೆಟಾಡೇಟಾ ಕಂಟ್ರೋಲರ್ ಎಂಬ ಪ್ರತ್ಯೇಕ ಯಂತ್ರ ಇರುತ್ತದೆ. ಯಾವ ಕಡತ ಯಾವ ಡಿಸ್ಕಿನ ಯಾವ ಜಾಗದಲ್ಲಿದೆ, ಈಗ ಯಾರು ಬರೆಯಬಹುದು ಎಂಬ ಲೆಕ್ಕವೆಲ್ಲ ಅದರ ಕೈಯಲ್ಲಿ. ಈ ಮಾತುಕತೆ ನಡೆಯುವುದು ಪ್ರತ್ಯೇಕವಾದ ಈಥರ್‌ನೆಟ್ ಜಾಲದಲ್ಲಿ. ಉತ್ತರ ಸಿಕ್ಕ ಮೇಲೆ ಚಿತ್ರದ ದತ್ತಾಂಶ ಮಾತ್ರ ಫೈಬರ್ ಮೂಲಕ ನೇರ ಬರುತ್ತದೆ. ಅಂದರೆ ದಾರಿ ಎರಡು. ಲಕ್ಷಾಂತರ ರೂಪಾಯಿಯ ಫೈಬರ್ ಸ್ವಿಚ್ ಆರೋಗ್ಯವಾಗಿದ್ದೂ, ಮೂಲೆಯಲ್ಲಿ ಕೂತ ಅಗ್ಗದ ಈಥರ್‌ನೆಟ್ ಸ್ವಿಚ್ ಕೆಮ್ಮಿದರೆ ಇಡೀ ಮನೆ ನಿಂತುಹೋಗುತ್ತದೆ.

ಹಾಗಾಗಿ ಮೊದಲ ಕೆಲಸ ಪ್ರಶ್ನೆ ಕೇಳುವುದು. ಒಂದೇ ಕೋಣೆಯೋ, ಎಲ್ಲ ಕೋಣೆಗಳೋ? ಫುಟೇಜ್ ಓದುವಾಗಲೋ, ರೆಂಡರ್ ಬರೆಯುವಾಗಲೋ? ದಿನದ ಯಾವ ಹೊತ್ತಿನಲ್ಲಿ? ಇವನ್ನು ಎಲ್ಲರೂ ಕೇಳುತ್ತಾರೆ. ಕೇಳದೆ ಬಿಡುವುದು ನಾಲ್ಕನೆಯದನ್ನು: ಆ ಹೊತ್ತಿಗೆ ಬೇರೆ ಕೋಣೆಗಳಲ್ಲಿ ಯಾರು ಏನು ಮಾಡುತ್ತಿದ್ದರು?

ಈ ನಾಲ್ಕನೆಯ ಪ್ರಶ್ನೆಗೆ ಏಕೆ ಇಷ್ಟು ಬೆಲೆ ಎಂದರೆ, ಫೈಬರ್ ಚಾನೆಲ್‌ನಲ್ಲಿ ಆರ್‌ಎಸ್‌ಸಿಎನ್ ಎಂಬ ಸೂಚನೆಯೊಂದಿದೆ. ಜಾಲಕ್ಕೆ ಹೊಸ ಸಾಧನ ಸೇರಿದಾಗ ಅಥವಾ ಇದ್ದದ್ದು ಹೊರಬಿದ್ದಾಗ ಸ್ವಿಚ್ ಉಳಿದವರಿಗೆ ‘ಏನೋ ಬದಲಾಗಿದೆ, ನೋಡಿಕೊಳ್ಳಿ’ ಎಂದು ತಿಳಿಸುತ್ತದೆ. ಸೂಚನೆ ಬಂದ ಯಂತ್ರ ತನ್ನ ಡಿಸ್ಕ್‌ಗಳು ಇನ್ನೂ ಇವೆಯೇ ಎಂದು ಮತ್ತೆ ವಿಚಾರಿಸಿಕೊಳ್ಳುತ್ತದೆ. ಬ್ಯಾಂಕಿನ ಡೇಟಾಬೇಸ್‌ಗೆ ಆ ಅರೆಗಳಿಗೆಯ ವಿರಾಮ ತಿಳಿಯುವುದೇ ಇಲ್ಲ. ಟೇಪಿಗೆ ಔಟ್‌ಪುಟ್ ಕೊಡುತ್ತಿರುವ, ಇಲ್ಲವೇ ಕ್ಯಾಮೆರಾದಿಂದ ನೇರ ದಾಖಲಿಸುತ್ತಿರುವ ಯಂತ್ರಕ್ಕೆ ಅಷ್ಟು ಸಾಕು, ಫ್ರೇಮ್ ಬೀಳುತ್ತದೆ. ಅತ್ತ ಸಹಾಯಕ ಎಡಿಟರ್ ತಮ್ಮ ಮ್ಯಾಕ್ ರೀಸ್ಟಾರ್ಟ್ ಮಾಡಿದರು, ಇತ್ತ ಮುಖ್ಯ ಕೋಣೆಯ ಔಟ್‌ಪುಟ್ ಕೆಟ್ಟಿತು. ಸಹಾಯಕರಿಗೆ ತಾವು ಕಾರಣವೆಂದು ಗೊತ್ತೇ ಇರುವುದಿಲ್ಲ. ಕ್ಯೂಲಾಜಿಕ್ ಸ್ವಿಚ್‌ಗಳಲ್ಲಿ ಇದನ್ನು ತಡೆಯಲು ಐಓ ಸ್ಟ್ರೀಮ್‌ಗಾರ್ಡ್ ಎಂಬ ಸೆಟ್ಟಿಂಗ್ ಇತ್ತು: ಎಡಿಟಿಂಗ್ ಯಂತ್ರಗಳ ಪೋರ್ಟ್‌ಗಳಲ್ಲಿ ಆನ್, ಸ್ಟೋರೇಜ್ ಪೋರ್ಟ್‌ಗಳಲ್ಲಿ ಆಫ್. ಯಾವ ಕಂಪನಿಯ ಸ್ವಿಚ್ ಆದರೂ ಝೋನಿಂಗ್ ಮಾಡಿದರೆ ಇದೇ ರಕ್ಷಣೆ ಸಿಗುತ್ತದೆ. ಒಂದು ಝೋನ್‌ನಲ್ಲಿ ಒಂದೇ ಎಡಿಟಿಂಗ್ ಯಂತ್ರ, ಜೊತೆಗೆ ಅದಕ್ಕೆ ಬೇಕಾದ ಸ್ಟೋರೇಜ್ ಪೋರ್ಟ್‌ಗಳು. ಆಗ ಪಕ್ಕದ ಯಂತ್ರ ಎದ್ದದ್ದು, ಬಿದ್ದದ್ದು ಇದಕ್ಕೆ ಕೇಳಿಸದು. ಎಲ್ಲವನ್ನೂ ಒಂದೇ ಝೋನ್‌ಗೆ ತುಂಬಿ ‘ನಡೀತಿದೆಯಲ್ಲ’ ಎಂದು ಬಿಟ್ಟ ಜಾಲಗಳನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ. ನಡೆಯುತ್ತದೆ, ತಂಡ ಬೆಳೆಯುವ ತನಕ.

ಎರಡನೆಯ ಸಾಕ್ಷಿ ಸ್ವಿಚ್‌ನ ದೋಷ ಎಣಿಕೆ. ಬ್ರೊಕೇಡ್ ಸ್ವಿಚ್‌ನಲ್ಲಿ ‘ಪೋರ್ಟ್‌ಎರ್‌ಶೋ’ ಎಂಬ ಆಜ್ಞೆ ಕೊಟ್ಟರೆ ಪ್ರತಿ ಪೋರ್ಟ್‌ಗೂ ಒಂದು ಸಾಲು ಅಂಕಿಗಳು ಬರುತ್ತವೆ. ಬೆಂಗಳೂರಿನ ಒಂದು ಪೋಸ್ಟ್ ಪ್ರೊಡಕ್ಷನ್ ಸಂಸ್ಥೆಯಲ್ಲಿ ಕಂಡ ಚಿತ್ರವನ್ನು ಹೇಳುತ್ತೇನೆ. ಹಲವು ಕೋಣೆಗಳಲ್ಲಿ ಆಗಾಗ ಪ್ಲೇಬ್ಯಾಕ್ ನಿಲ್ಲುತ್ತಿತ್ತು, ಕೆಲವೊಮ್ಮೆ ಹತ್ತಾರು ಸೆಕೆಂಡು. ಎಡಿಟಿಂಗ್ ಸಾಫ್ಟ್‌ವೇರ್‌ನ ಹೊಸ ಆವೃತ್ತಿಯೇ ತಪ್ಪಿತಸ್ಥ ಎಂದು ಎಲ್ಲರೂ ತೀರ್ಮಾನಿಸಿಬಿಟ್ಟಿದ್ದರು. ಅಂಕಿಗಳ ಪಟ್ಟಿಯಲ್ಲಿ ಸಿಆರ್‌ಸಿ ದೋಷ, ಅಂದರೆ ದಾರಿಯಲ್ಲಿ ಕೆಟ್ಟ ದತ್ತಾಂಶದ ಲೆಕ್ಕ, ನಾಲ್ಕೈದು ಪೋರ್ಟ್‌ಗಳಲ್ಲಿ ಕಾಣುತ್ತಿತ್ತು. ಪಕ್ಕದ ಕಾಲಮ್‌ನಲ್ಲಿ, ಅಂದರೆ ‘ಸಿಆರ್‌ಸಿ ಜಿ ಇಓಎಫ್’ ಎಂಬಲ್ಲಿ, ಒಂದೇ ಒಂದು ಪೋರ್ಟ್‌ನ ಅಂಕಿ ಏರುತ್ತಿತ್ತು.

ಈ ಎರಡು ಕಾಲಮ್‌ಗಳ ವ್ಯತ್ಯಾಸದಲ್ಲೇ ಉತ್ತರ ಇದೆ. (ಇಲ್ಲಿ ಫ್ರೇಮ್ ಎಂದರೆ ಚಿತ್ರದ್ದಲ್ಲ, ಜಾಲದಲ್ಲಿ ಸಾಗುವ ದತ್ತಾಂಶದ ತುಣುಕು.) ಕೆಟ್ಟ ಫ್ರೇಮ್ ಒಂದನ್ನು ಮೊದಲು ಗುರುತಿಸಿದ ಸ್ವಿಚ್ ಅದರ ಬಾಲದ ಗುರುತನ್ನು ‘ಇದು ಕೆಟ್ಟದ್ದು’ ಎಂದು ಬದಲಿಸಿ ಮುಂದಕ್ಕೆ ಬಿಡುತ್ತದೆ. ಆಮೇಲೆ ಅದು ಹಾದುಹೋಗುವ ಪೋರ್ಟ್‌ಗಳಲ್ಲಿ ಸಾಮಾನ್ಯ ಸಿಆರ್‌ಸಿ ಎಣಿಕೆ ಮಾತ್ರ ಏರುತ್ತದೆ. ಬಾಲ ಇನ್ನೂ ಸರಿಯಿದ್ದು ಒಡಲು ಮಾತ್ರ ಕೆಟ್ಟಿದ್ದರೆ, ಕೆಟ್ಟದ್ದು ಇದೇ ಕೇಬಲ್‌ನಲ್ಲಿ, ಇದೇ ತುಂಡಿನಲ್ಲಿ ಎಂದರ್ಥ. ಅಲ್ಲಿ ಆ ಪೋರ್ಟ್‌ಗೆ ಕೂಡಿದ್ದು ಸ್ಟೋರೇಜ್‌ನ ಒಂದು ಕೇಬಲ್. ರ‍್ಯಾಕ್‌ನ ಬಾಗಿಲ ಹಿಂಜಿನ ಬಳಿ ಬಿಗಿಯಾಗಿ ಮಡಿಸಿಕೊಂಡಿತ್ತು. ಬಾಗಿಲು ಹಾಕಿದಾಗಲೆಲ್ಲ ಬೆಳಕು ಕ್ಷೀಣಿಸುತ್ತಿತ್ತು. ದೂರು ಕೊಟ್ಟ ಒಂದು ಕೋಣೆಯಲ್ಲೂ ಏನೂ ಕೆಟ್ಟಿರಲಿಲ್ಲ.

ಒಂದು ಕೆಟ್ಟ ಫ್ರೇಮ್‌ಗೆ ಹತ್ತಾರು ಸೆಕೆಂಡು ಏಕೆ ನಿಲ್ಲಬೇಕು ಎಂಬ ಪ್ರಶ್ನೆ ಸಹಜ. ಫೈಬರ್ ಚಾನೆಲ್‌ನಲ್ಲಿ ಸ್ಟೋರೇಜ್ ಬಳಸುವ ವಿಧಾನದಲ್ಲಿ ಕಳೆದುಹೋದ ಫ್ರೇಮನ್ನು ಜಾಲವೇ ಮತ್ತೆ ಕಳಿಸುವ ಏರ್ಪಾಡಿಲ್ಲ. ಓದಿದ್ದರಲ್ಲಿ ಒಂದು ತುಣುಕು ಕಡಿಮೆಯಾದರೆ ಯಂತ್ರದ ಕಾರ್ಡ್‌ಗೆ ಬೇಗ ತಿಳಿಯುತ್ತದೆ, ಮತ್ತೆ ಕೇಳುತ್ತದೆ. ಕೇಳಿಕೆಯೇ ಕಳೆದುಹೋದರೆ, ಅಥವಾ ‘ಮುಗಿಯಿತು’ ಎಂಬ ಮರುತ್ತರ ಕಳೆದುಹೋದರೆ, ಕಾರ್ಯವ್ಯವಸ್ಥೆ ತನ್ನ ಗಡುವು ತೀರುವವರೆಗೆ ಕಾಯುತ್ತದೆ. ಲಿನಕ್ಸ್‌ನಲ್ಲಿ ಆ ಗಡುವು ಸಾಮಾನ್ಯವಾಗಿ 30 ಸೆಕೆಂಡು. ಅಷ್ಟು ಹೊತ್ತು ಕಲರಿಸ್ಟ್ ಮುಂದೆ ನಿಂತ ಚಿತ್ರ ನಿಂತೇ ಇರುತ್ತದೆ.

ಬೆಳಕಿನ ಮಟ್ಟವನ್ನೂ ಸ್ವಿಚ್‌ನಿಂದಲೇ ಓದಬಹುದು; ಎಸ್‌ಎಫ್‌ಪಿ ಎಂಬ ಸಣ್ಣ ಲೇಸರ್ ತುಂಡು ತನಗೆ ಎಷ್ಟು ಬೆಳಕು ಬಂತೆಂದು ಡಿಬಿಎಂ ಲೆಕ್ಕದಲ್ಲಿ ಹೇಳುತ್ತದೆ. ಮೈನಸ್ 3ರ ಆಸುಪಾಸಿನಲ್ಲಿದ್ದದ್ದು ಮೈನಸ್ 9ಕ್ಕೆ ಇಳಿದಿದ್ದರೆ ಬರುತ್ತಿರುವುದು ಮೊದಲಿನ ಕಾಲುಭಾಗ ಬೆಳಕು. ಮಲ್ಟಿಮೋಡ್ ಫೈಬರ್‌ನ ತಿರುಳು 50 ಮೈಕ್ರಾನ್, ನಮ್ಮ ತಲೆಗೂದಲಿಗಿಂತ ಸಪೂರ. ಅದರ ತುದಿಗೆ ಒಂದು ಧೂಳಿನ ಕಣ ಕೂತರೂ ಆಯಿತು. ಕೇಬಲ್ ಕಿತ್ತು ಪ್ಯಾಂಟಿಗೆ ಒರೆಸಿ ಮತ್ತೆ ಚುಚ್ಚುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅದಕ್ಕೆಂದೇ ಇರುವ ಕ್ಲೀನರ್ ಪೆನ್ ದುಬಾರಿಯೇನಲ್ಲ. ಬೆಳಕು ಬರುತ್ತಿದೆಯೇ ಎಂದು ತುದಿಯನ್ನು ಕಣ್ಣಿಗೆ ಹಿಡಿದು ನೋಡುವುದಂತೂ ಕೂಡದು. 850 ನ್ಯಾನೋಮೀಟರ್ ಬೆಳಕು ಕಣ್ಣಿಗೆ ಕಾಣುವುದೂ ಕಷ್ಟ, ಹಾನಿ ಮಾತ್ರ ಆಗಬಹುದು. ಶುಚಿ ಮಾಡಿ, ಎಣಿಕೆಯನ್ನು ಸೊನ್ನೆಗೆ ತಂದು, ಅರ್ಧ ದಿನ ಕಾದು ನೋಡಿ. ಆಮೇಲೆ ಕೇಬಲ್, ಆಮೇಲೆ ಎಸ್‌ಎಫ್‌ಪಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಮೂರನ್ನೂ ಒಟ್ಟಿಗೆ ಬದಲಿಸಿದವರಿಗೆ ಯಾವುದು ಕೆಟ್ಟಿತ್ತೆಂದು ಎಂದಿಗೂ ಗೊತ್ತಾಗುವುದಿಲ್ಲ, ಕೆಟ್ಟ ತುಂಡು ‘ಸ್ಪೇರ್’ ಎಂದು ಡ್ರಾಯರ್ ಸೇರಿ ಮುಂದಿನ ವರ್ಷ ಇನ್ನೊಬ್ಬರ ಕೈಗೆ ಸಿಗುತ್ತದೆ. ಕೇಬಲ್‌ನ ಜಾತಿಯನ್ನೂ ನೋಡಿ. 4 ಗಿಗಾಬಿಟ್ ಕಾಲದಲ್ಲಿ ಹಾಕಿದ ಓಎಂ2 ಕೇಬಲ್ 150 ಮೀಟರ್‌ವರೆಗೂ ನಡೆಯುತ್ತಿತ್ತು. 8 ಗಿಗಾಬಿಟ್‌ಗೆ ಬಂದರೆ ಅದೇ ಕೇಬಲ್‌ನ ಮಿತಿ 50 ಮೀಟರ್. ಸ್ವಿಚ್ ಹೊಸದಾಯಿತು, ಗೋಡೆಯೊಳಗಿನ ಕೇಬಲ್ ಹಳೆಯದೇ ಉಳಿಯಿತು ಎಂಬಲ್ಲಿ ಇಂಥ ತೊಂದರೆ ಖಂಡಿತ.

ಯಾವ ದೋಷ ಎಣಿಕೆಯೂ ಏರದೆ ಎಲ್ಲರೂ ನಿಧಾನವಾಗುವ ಸ್ಥಿತಿಯೂ ಉಂಟು. ಫೈಬರ್ ಚಾನೆಲ್‌ನಲ್ಲಿ ಪಡೆಯುವವನು ಜಾಗ ಇದೆಯೆಂದು ಹೇಳಿದ ಮೇಲೆಯೇ ಕೊಡುವವನು ಫ್ರೇಮ್ ಬಿಡಬೇಕು. ಇದಕ್ಕೆ ಬಫರ್ ಕ್ರೆಡಿಟ್ ಎನ್ನುತ್ತಾರೆ. ದರ್ಶಿನಿಯ ಕೌಂಟರ್ ನೆನಪಿಸಿಕೊಳ್ಳಿ. ಕಟ್ಟೆಯ ಮೇಲೆ ನಾಲ್ಕು ತಟ್ಟೆಗೆ ಜಾಗ. ಮುಂದೆ ನಿಂತವರು ದೋಸೆ ತಟ್ಟೆ ಎತ್ತದೆ ಫೋನಿನಲ್ಲಿ ಮಾತಾಡುತ್ತಿದ್ದರೆ ಒಳಗಿನ ಭಟ್ಟರು ಎಷ್ಟೇ ಚುರುಕಾಗಿದ್ದರೂ ಹಿಂದಿನವರ ಇಡ್ಲಿ ಹೊರಗೆ ಬಾರದು. 16 ಗಿಗಾಬಿಟ್ ಸ್ಟೋರೇಜ್ ಪೋರ್ಟ್‌ನಿಂದ 4 ಗಿಗಾಬಿಟ್ ಕಾರ್ಡಿನ ಹಳೆಯ ಯಂತ್ರವೊಂದು ದೊಡ್ಡ ಕಡತ ಎಳೆದುಕೊಳ್ಳತೊಡಗಿದಾಗ ನಡೆಯುವುದು ಇದೇ. ಆ ಹಳೆಯ ಯಂತ್ರದವರು ದೂರುವುದಿಲ್ಲ, ಅವರಿಗೆ ಅದು ಎಂದಿನ ವೇಗ. ದೂರುವವರು ಹೊಸ ಯಂತ್ರದವರು. ಸ್ವಿಚ್‌ನಲ್ಲಿ ಕ್ರೆಡಿಟ್ ಸಿಗದೆ ಕಾದ ಹೊತ್ತಿನ ಎಣಿಕೆ ನೋಡಿದರೆ ಗುಟ್ಟು ರಟ್ಟಾಗುತ್ತದೆ. ಹಳೆಯ ಯಂತ್ರಗಳನ್ನು ಬೇರೆ ಸ್ಟೋರೇಜ್ ಪೋರ್ಟ್‌ಗೆ ಝೋನ್ ಮಾಡುವುದು ತಕ್ಷಣದ ಪರಿಹಾರ, ಅವನ್ನು ನಿವೃತ್ತಿ ಮಾಡುವುದು ಖಾಯಂ ಪರಿಹಾರ.

ಇನ್ನು ಮೆಟಾಡೇಟಾ ದಾರಿ. ಎರಡು ತಾಸಿನ ಸಿನಿಮಾ ಡಿಪಿಎಕ್ಸ್‌ನಲ್ಲಿದ್ದರೆ ಚಿತ್ರದ ಫ್ರೇಮ್‌ಗೊಂದರಂತೆ 1,72,800 ಬಿಡಿ ಕಡತಗಳು. ಅವೆಲ್ಲವನ್ನೂ ಒಂದೇ ಫೋಲ್ಡರ್‌ನಲ್ಲಿ ಸುರಿದು, ಯಾರೋ ಅದನ್ನು ಫೈಂಡರ್‌ನಲ್ಲಿ ತೆರೆದರೆ, ಯಂತ್ರ ಪ್ರತಿ ಕಡತದ ಗಾತ್ರ, ದಿನಾಂಕ, ಪುಟ್ಟ ಚಿತ್ರ ಕೇಳುತ್ತಾ ಹೋಗುತ್ತದೆ. ಕಂಟ್ರೋಲರ್‌ಗೆ ಆ ಹೊತ್ತಿನಲ್ಲಿ ಬೇರೆಯವರ ಕೇಳಿಕೆಗೆ ಪುರುಸೊತ್ತಿಲ್ಲ. ರೀಲ್‌ಗೊಂದು, ಶಾಟ್‌ಗೊಂದು ಫೋಲ್ಡರ್ ಮಾಡುವ ಶಿಸ್ತು ಇದ್ದರೆ ಇದು ಬಾರದು. ಸ್ಪಾಟ್‌ಲೈಟ್ ಹುಡುಕಾಟದ ಸೂಚಿ ತಯಾರಿಕೆಯನ್ನು ಹಂಚಿಕೆಯ ವಾಲ್ಯೂಮ್ ಮೇಲೆ ನಿಲ್ಲಿಸಿರುವುದೂ ಒಳ್ಳೆಯದು. ಮೆಟಾಡೇಟಾ ಜಾಲದಲ್ಲಿ ಇಂಟರ್ನೆಟ್, ಪ್ರಿಂಟರ್, ವೈಫೈ ಯಾವುದೂ ಸುಳಿಯಬಾರದು. ಎಕ್ಸ್‌ಸ್ಯಾನ್‌ಗೆ ಹೆಸರಿನಿಂದ ವಿಳಾಸ, ವಿಳಾಸದಿಂದ ಹೆಸರು ಎರಡೂ ಕಡೆ ಡಿಎನ್‌ಎಸ್ ಸರಿಯಾಗಿರಬೇಕು, ಎಲ್ಲ ಯಂತ್ರಗಳ ಗಡಿಯಾರವೂ ಹೊಂದಿರಬೇಕು. ಇವೆರಡು ತಪ್ಪಿದ್ದಕ್ಕೆ ಫೈಬರ್ ಕೇಬಲ್‌ಗಳನ್ನು ಬದಲಿಸಿದ ತಂಡಗಳಿವೆ.

‘ನನ್ನ ಕಡತ ನನಗೇ ತೆರೆಯುತ್ತಿಲ್ಲ’ ಎಂಬ ದೂರು ಬೇರೆಯೇ ಬಗೆಯದು, ಬೇಗ ಮುಗಿಯುವಂಥದು. ಮ್ಯಾಕ್‌ನಲ್ಲಿ ಮೊದಲು ಸೃಷ್ಟಿಸಿದ ಬಳಕೆದಾರನ ಸಂಖ್ಯೆ 501, ಎರಡನೆಯವನದು 502. ಸ್ಟೋರೇಜ್ ನೋಡುವುದು ಹೆಸರನ್ನಲ್ಲ, ಈ ಸಂಖ್ಯೆಯನ್ನು. ಒಂದು ಮ್ಯಾಕ್‌ನಲ್ಲಿ 501 ಆಗಿದ್ದವರು ಇನ್ನೊಂದರಲ್ಲಿ 502 ಆದರೆ ಅದರ ಲೆಕ್ಕದಲ್ಲಿ ಬೇರೆಯವರೇ. ಎಲ್ಲರಿಗೂ ಒಂದೇ ಕೇಂದ್ರ ಡೈರೆಕ್ಟರಿಯಿಂದ ಲಾಗಿನ್ ಕೊಟ್ಟರೆ ಸಮಸ್ಯೆಯೇ ಇಲ್ಲ.

ಓದುವುದು ಸರಾಗ, ಬರೆಯುವುದು ಮಾತ್ರ ದಿಢೀರನೆ ಕುಸಿದಿದೆ ಎಂದಾದರೆ ಮೊದಲು ಡಿಸ್ಕ್‌ಗಳ ಗುಂಪನ್ನು ನಡೆಸುವ ರೇಡ್ ಕಂಟ್ರೋಲರ್‌ನ ಬ್ಯಾಟರಿ ನೋಡಿ. ಬರೆಯಲು ಬಂದದ್ದನ್ನು ಕಂಟ್ರೋಲರ್ ಮೊದಲು ತನ್ನ ಮೆಮೊರಿಯಲ್ಲಿಟ್ಟುಕೊಂಡು ‘ಆಯಿತು’ ಎನ್ನುತ್ತದೆ, ಆಮೇಲೆ ಡಿಸ್ಕಿಗಿಳಿಸುತ್ತದೆ. ಕರೆಂಟ್ ಹೋದರೆ ಆ ಮೆಮೊರಿಯನ್ನು ಕಾಯುವುದು ಬ್ಯಾಟರಿ. ಬ್ಯಾಟರಿ ಸತ್ತರೆ ಕಂಟ್ರೋಲರ್ ಎಚ್ಚರ ವಹಿಸಿ, ಡಿಸ್ಕಿಗೆ ಇಳಿಸಿದ ಮೇಲಷ್ಟೇ ‘ಆಯಿತು’ ಎನ್ನತೊಡಗುತ್ತದೆ. ಅದು ದೋಷವಲ್ಲ, ಫುಟೇಜ್ ಉಳಿಸುವ ವಿವೇಕ. ವೇಗಕ್ಕಾಗಿ ಆ ರಕ್ಷಣೆಯನ್ನು ಒತ್ತಾಯದಿಂದ ಆಫ್ ಮಾಡಬೇಡಿ. ಕೆಲವು ಕಂಟ್ರೋಲರ್‌ಗಳು ಬ್ಯಾಟರಿ ಪರೀಕ್ಷಿಸಲು ನಿಗದಿತ ಅವಧಿಗೊಮ್ಮೆ ಅದನ್ನು ಖಾಲಿ ಮಾಡಿ ತುಂಬಿಸುತ್ತವೆ. ಆಗಾಗ ಬಂದು ತಾನಾಗಿಯೇ ಮಾಯವಾಗುವ ನಿಧಾನಕ್ಕೆ ಇದೂ ಒಂದು ಕಾರಣ. ಸಾಯುತ್ತಿರುವ, ಆದರೆ ಇನ್ನೂ ಸತ್ತೆನೆಂದು ಹೇಳದ ಒಂದೇ ಡಿಸ್ಕ್ ಇಡೀ ಗುಂಪನ್ನು ಎಳೆದಾಡುವುದು ಇನ್ನೊಂದು. ಪ್ರತಿ ಡಿಸ್ಕಿನ ಮರುಪ್ರಯತ್ನಗಳ ದಾಖಲೆ ಕಂಟ್ರೋಲರ್‌ನಲ್ಲಿ ಸಿಗುತ್ತದೆ. ವಾಲ್ಯೂಮ್ 80 ಪ್ರತಿಶತ ತುಂಬಿದ ಮೇಲೆ ತಿರುಗುವ ಡಿಸ್ಕ್‌ಗಳಿಂದ ಮೊದಲಿನ ವೇಗ ನಿರೀಕ್ಷಿಸುವುದೂ ಸಲ್ಲದು. ಒಳಸುತ್ತುಗಳು ನಿಧಾನ, ಕಡತಗಳೂ ಚೂರುಚೂರಾಗಿ ಕೂರುತ್ತವೆ.

ಇಲ್ಲಿಯವರೆಗಿನದೆಲ್ಲ ಸಮಯ ತಿನ್ನುವ ತೊಂದರೆ. ಫುಟೇಜನ್ನೇ ತಿನ್ನುವ ತೊಂದರೆ ಒಂದು ಚಿಕ್ಕ ಪೆಟ್ಟಿಗೆಯ ರೂಪದಲ್ಲಿ ಬರುತ್ತದೆ. ಸ್ಯಾನ್ ಸಾಫ್ಟ್‌ವೇರ್ ಹಾಕಿಲ್ಲದ ಹೊಸ ಮ್ಯಾಕ್ ಒಂದನ್ನು ಫೈಬರ್‌ಗೆ ಜೋಡಿಸಿದಾಗ, ‘ಈ ಡಿಸ್ಕನ್ನು ಓದಲಾಗುತ್ತಿಲ್ಲ’ ಎನ್ನುವ ಸಂದೇಶ, ಕೆಳಗೆ ಮೂರು ಗುಂಡಿ: ಇನಿಶಿಯಲೈಸ್, ಇಗ್ನೋರ್, ಇಜೆಕ್ಟ್. ಆ ಡಿಸ್ಕ್ ಖಾಲಿಯಲ್ಲ. ಇಡೀ ತಂಡದ ವಾಲ್ಯೂಮ್‌ನ ಒಂದು ಭಾಗ ಅದು. ಈ ಯಂತ್ರಕ್ಕೆ ಅದರ ಭಾಷೆ ತಿಳಿಯದು, ಅಷ್ಟೆ. ಹೊಸದಾಗಿ ಸೇರಿದ ಹುಡುಗನೋ ಹುಡುಗಿಯೋ ಸದುದ್ದೇಶದಿಂದಲೇ ಇನಿಶಿಯಲೈಸ್ ಒತ್ತಿದರೆ ತಿಂಗಳುಗಳ ಶೂಟಿಂಗ್ ಕೈತಪ್ಪಬಹುದು. ವಿಂಡೋಸ್‌ನಲ್ಲೂ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದರೆ ಇಂಥದೇ ಪ್ರಶ್ನೆ ಎದುರಾಗುತ್ತದೆ. ಗುಂಡಿ ಒತ್ತಿದವರನ್ನು ಬೈದು ಫಲವಿಲ್ಲ. ಆ ಪೆಟ್ಟಿಗೆ ಅವರ ಮುಂದೆ ಬರದಂತೆ ಝೋನಿಂಗ್ ಮತ್ತು ಲನ್ ಮಾಸ್ಕಿಂಗ್ (ಯಾವ ಯಂತ್ರಕ್ಕೆ ಯಾವ ಲನ್, ಅಂದರೆ ಸ್ಟೋರೇಜ್ ಹಂಚಿಕೊಡುವ ಡಿಸ್ಕ್ ಭಾಗ, ಕಾಣಬೇಕೆಂಬ ನಿಯಮ) ಮಾಡಿಡುವುದು ಜಾಲ ಕಟ್ಟಿದವರ ಹೊಣೆ: ಸಾಫ್ಟ್‌ವೇರ್ ಹಾಕಿ ಪರೀಕ್ಷಿಸಿದ ಮೇಲೆಯೇ ಯಂತ್ರಕ್ಕೆ ಡಿಸ್ಕ್ ಕಾಣಬೇಕು.

ವಾಲ್ಯೂಮ್ ಮೌಂಟ್ ಆಗುತ್ತಲೇ ಇಲ್ಲ ಎಂಬ ಹಂತ ತಲುಪಿದರೂ ರಿಪೇರಿ ಆಜ್ಞೆಗೆ ಕೈ ಹಾಕಬೇಡಿ. ಎಕ್ಸ್‌ಸ್ಯಾನ್ ಮತ್ತು ಸ್ಟೋರ್‌ನೆಕ್ಸ್ಟ್‌ನ ‘ಸಿವಿಎಫ್‌ಎಸ್‌ಸಿಕೆ’ಯನ್ನು ಏನನ್ನೂ ಬರೆಯದೆ ಬರೀ ಓದಿ ವರದಿ ಕೊಡುವ ರೀತಿಯಲ್ಲಿ ಓಡಿಸಬಹುದು. ಮೊದಲು ವಾಲ್ಯೂಮ್ ನಿಲ್ಲಿಸಿ, ಜರ್ನಲ್‌ನಲ್ಲಿ ಬಾಕಿ ಉಳಿದ ಬದಲಾವಣೆಗಳನ್ನು ಪೂರ್ಣಗೊಳಿಸಿ, ಬಳಿಕ ಓದುವ ಪರೀಕ್ಷೆ ಮಾಡಿ, ವರದಿ ಉಳಿಸಿಕೊಳ್ಳಿ. ಒಂದು ಲನ್ ಕಾಣೆಯಾಗಿರುವಾಗ ಬರೆಯುವ ರಿಪೇರಿ ನಡೆಸಿದರೆ ಇರುವುದನ್ನೂ ಕಳೆದುಕೊಳ್ಳುವ ಅಪಾಯ. ಬ್ಯಾಕಪ್ ಇಲ್ಲದ ಫುಟೇಜ್ ಅದರಲ್ಲಿದ್ದರೆ ತಜ್ಞರು ಬರುವ ತನಕ ಎಲ್ಲವನ್ನೂ ಇದ್ದ ಹಾಗೇ ಬಿಡಿ. ರೇಡ್ ಇದೆಯಲ್ಲ ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬಾರದು. ಡಿಸ್ಕ್ ಸತ್ತರೆ ರೇಡ್ ಕಾಯುತ್ತದೆ, ಅಳಿಸಿದ್ದನ್ನು ಅದೂ ನಿಷ್ಠೆಯಿಂದ ಅಳಿಸುತ್ತದೆ.

ಇಷ್ಟೆಲ್ಲ ರಗಳೆ ಇರುವ ಫೈಬರ್ ಚಾನೆಲ್ ಎಲ್ಲರಿಗೂ ಬೇಕೇ? ಬೇಡ ಎಂಬುದು ನನ್ನ ಅಭಿಪ್ರಾಯ. ಎಚ್‌ಡಿಯಲ್ಲಿ, ಸೆಕೆಂಡಿಗೆ 25 ಫ್ರೇಮ್‌ನಂತೆ ಪ್ರೊರೆಸ್ 422 ಎಚ್‌ಕ್ಯೂ ಬೇಡುವುದು 184 ಮೆಗಾಬಿಟ್, ಅಂದರೆ 23 ಮೆಗಾಬೈಟ್. ಹತ್ತು ಎಡಿಟರ್‌ಗಳು ತಲಾ ಎರಡು ಪದರ ಓಡಿಸಿದರೂ 460. ಧಾರಾವಾಹಿ, ಸುದ್ದಿ, ಸಾಕ್ಷ್ಯಚಿತ್ರ ಮಾಡುವ ತಂಡಕ್ಕೆ ಒಳ್ಳೆಯ 10 ಗಿಗಾಬಿಟ್ ಈಥರ್‌ನೆಟ್ ಸ್ಟೋರೇಜ್ ಧಾರಾಳ ಸಾಕು, ನೋಡಿಕೊಳ್ಳುವವರೂ ಸಿಗುತ್ತಾರೆ. ಆರಂಭದಲ್ಲಿ ಹೇಳಿದ 850 ಮೆಗಾಬೈಟ್‌ನ ಡಿಐ ಕೋಣೆಯದು ಬೇರೆ ಲೆಕ್ಕ: 8 ಗಿಗಾಬಿಟ್ ಫೈಬರ್‌ನ ಒಂದು ಪೋರ್ಟ್‌ನಿಂದ ಕೈಗೆ ಸಿಗುವುದು ಸುಮಾರು 800, ಒಂದು ಎಳೆಗೂ ಸಾಲದು. ಅಲ್ಲಿ 16 ಗಿಗಾಬಿಟ್ ಬೇಕು, ಅಥವಾ ಎರಡು ಪೋರ್ಟ್ ಜೋಡಿಸಬೇಕು. ಈ ಗುಣಾಕಾರವನ್ನೇ ಮಾಡದೆ ಕೊಂಡು, ಆಮೇಲೆ ‘ಟ್ರಬಲ್‌ಶೂಟಿಂಗ್’ ಮಾಡಿಸಲು ಜನ ಕರೆಯುವುದೂ ಇದೆ.

ಜಾಲ ಚೆನ್ನಾಗಿರುವ ದಿನ ಮಾಡಿಡಬೇಕಾದ ಒಂದು ಕೆಲಸ ಉಳಿಯಿತು. ರಾತ್ರಿ ಎಲ್ಲರೂ ಹೋದ ಮೇಲೆ ಪ್ರತಿ ಕೋಣೆಯಿಂದಲೂ ಓದುವ, ಬರೆಯುವ ವೇಗ ಅಳೆಯಿರಿ. ಮೊದಲು ಒಂಟಿಯಾಗಿ, ಬಳಿಕ ಎಲ್ಲ ಕೋಣೆಗಳಿಂದ ಒಟ್ಟಿಗೆ. ಕೆಲಸದ ಹೊತ್ತಿನಲ್ಲಿ ಸ್ಪೀಡ್ ಟೆಸ್ಟ್ ಓಡಿಸಿದರೆ ಆ ಪರೀಕ್ಷೆಯೇ ಇತರರ ಫ್ರೇಮ್ ಬೀಳಿಸುತ್ತದೆ. ಪ್ರತಿ ಪೋರ್ಟ್‌ನ ಬೆಳಕಿನ ಮಟ್ಟ, ಯಾವ ಪೋರ್ಟ್‌ನಲ್ಲಿ ಯಾವ ಯಂತ್ರ, ಅದರ ಡಬ್ಲ್ಯೂಡಬ್ಲ್ಯೂಎನ್ (ಫೈಬರ್ ಜಾಲದಲ್ಲಿ ಅದರ ಗುರುತುಸಂಖ್ಯೆ), ಸ್ವಿಚ್ ಮತ್ತು ಕಾರ್ಡುಗಳ ಫರ್ಮ್‌ವೇರ್ ಆವೃತ್ತಿ ಇಷ್ಟನ್ನೂ ಬರೆದು, ದಿನಾಂಕ ಹಾಕಿ, ಕಾಗದದಲ್ಲಿ ಮುದ್ರಿಸಿ ರ‍್ಯಾಕ್‌ನ ಬಾಗಿಲಿಗೆ ಅಂಟಿಸಿ. ಅದೇ ಸ್ಟೋರೇಜ್‌ನಲ್ಲಿ ಕಡತವಾಗಿ ಇಟ್ಟರೆ, ಬೇಕಾದ ದಿನ ಅದನ್ನು ತೆರೆಯಲಾಗುವುದಿಲ್ಲ.